ಓರೆಯೂ ರೂಪವೂ: ಸ್ಲ್ಯಾಬ್ ಸೆರಿಫ್ ಇಟಾಲಿಕ್ ಮತ್ತು ಭಾಷಾವಿಜ್ಞಾನದ ಮುದ್ರಿತ ಪುಟ

1. ಪ್ರವೇಶ

ಭಾಷಾವಿಜ್ಞಾನದ ಬರವಣಿಗೆಯಲ್ಲಿ ಭಾಷೆಯು ಅಧ್ಯಯನದ ವಸ್ತುವೂ ಹೌದು, ವಿವರಣೆಯ ಸಾಧನವೂ ಹೌದು. ಈ ಎರಡು ಸ್ತರಗಳು ಬೆರೆಯದಂತೆ, ರೋಮನ್ ಲಿಪಿಯಲ್ಲಿ ಬರೆಯುವಾಗ ಉದಾಹೃತ ರೂಪಗಳನ್ನು ಇಟಾಲಿಕ್ ಅಕ್ಷರಗಳಲ್ಲಿ ಕೊಡುವುದು ರೂಢಿ. ಇದನ್ನು ಪ್ರಕಾಶಕರ ಅಲಂಕಾರಪದ್ಧತಿಯೆಂದು ನಾವು ಉಪೇಕ್ಷಿಸುವುದುಂಟು. ಆದರೆ ಇಟಾಲಿಕ್ ಕೂಡ ಒಂದು ವ್ಯತ್ಯಾಸಸೂಚಿ. ಅದು ಒಂದು ಸ್ತರದಲ್ಲಿ ವ್ಯತ್ಯಾಸವನ್ನು ಸ್ಥಾಪಿಸುವಾಗ ಇನ್ನೊಂದು ಸ್ತರದಲ್ಲಿ ಅದನ್ನು ಅಳಿಸಬಲ್ಲದು. ಸ್ಲ್ಯಾಬ್ ಸೆರಿಫ್ ಅಕ್ಷರಶೈಲಿಯನ್ನು ಆಧಾರವಾಗಿಟ್ಟುಕೊಂಡು ಈ ಸಂಗತಿಯನ್ನು ಇಲ್ಲಿ ಪರಿಶೀಲಿಸುತ್ತೇವೆ.

2. ಓರೆ ಮತ್ತು ರೂಪ

1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ಪ್ರಕಟಿಸಿದ ವರ್ಜಿಲ್ ಕವಿಯ ಕೃತಿ ಇಡಿಯಾಗಿ ಇಟಾಲಿಕ್‌ನಲ್ಲಿ ಅಚ್ಚಾಗಿತ್ತು. ಫ್ರಾಂಚೆಸ್ಕೊ ಗ್ರಿಫೊ ಕೊರೆದ ಆ ಅಕ್ಷರಗಳಿಗೆ ಮೂಲ ಅಂದಿನ ಕೈಬರಹ. ಅಂದರೆ ಇಟಾಲಿಕ್ ಹುಟ್ಟಿದ್ದು ನೇರ ಅಕ್ಷರವನ್ನು ವಾಲಿಸಿದ್ದರಿಂದಲ್ಲ. ಅದು ಬೇರೆಯೇ ಒಂದು ಬರಹಕ್ರಮ. ನೇರ ಅಕ್ಷರಗಳ ನಡುವೆ ಒತ್ತು ಕೊಡಲು ಅದನ್ನು ಬಳಸುವ ಪದ್ಧತಿ ಅನಂತರದ್ದು.

ಸ್ಲ್ಯಾಬ್ ಸೆರಿಫ್‌ನ ವಂಶ ಬೇರೆ. ಅಕ್ಷರದ ಗೆರೆಗಳ ತುದಿಯಲ್ಲಿ ದಪ್ಪನೆಯ ಚೌಕ ಪಟ್ಟಿಗಳಿರುವ ಈ ಶೈಲಿ 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. 1845ರಲ್ಲಿ ರಾಬರ್ಟ್ ಬೆಸ್ಲಿ ಲಂಡನ್ನಿನಲ್ಲಿ ಹೊರತಂದ ಕ್ಲಾರೆಂಡನ್ ಇದೇ ಬಳಗಕ್ಕೆ ಸೇರಿದ್ದು. ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಉಲ್ಲೇಖಪದಗಳು ಕ್ಲಾರೆಂಡನ್‌ನಲ್ಲಿ ಅಚ್ಚಾದವು. ಪಟ್ಟಿಗಳ ಮೇಲೆ ನಿಂತ ಈ ಅಕ್ಷರಗಳಿಗೂ ಕೈಬರಹದ ಹರಿವಿಗೂ ಸಹಜವಾದ ಹೊಂದಿಕೆಯಿಲ್ಲ. ಆದ್ದರಿಂದ ವಿನ್ಯಾಸಕಾರರ ಮುಂದೆ ಎರಡು ದಾರಿಗಳಿದ್ದವು. 1934ರ ರಾಕ್‌ವೆಲ್‌ನಲ್ಲಿರುವಂತೆ ನೇರ ರೂಪವನ್ನೇ ಓರೆಯಾಗಿಸುವುದು ಒಂದು. ಪಟ್ಟಿಗಳನ್ನು ಕೈಬರಹದ ಗತಿಗೆ ಒಗ್ಗಿಸಿ ನಿಜವಾದ ಇಟಾಲಿಕ್ ರಚಿಸುವುದು ಇನ್ನೊಂದು. ಮೊದಲನೆಯದರಲ್ಲಿ ಬದಲಾಗುವುದು ಕೋನ ಮಾತ್ರ. ಎರಡನೆಯದರಲ್ಲಿ ಅಕ್ಷರದ ರಚನೆಯೇ ಬದಲಾಗುತ್ತದೆ. ಹೀಗಾಗಿ ಸಾಲಿನ ನಡುವೆ ಒಂದೇ ಪದ ಬಂದಾಗಲೂ ಎರಡನೆಯದು ಕಣ್ಣಿಗೆ ಬೇಗ ಗೋಚರಿಸುತ್ತದೆ.

3. ಅಳಿಯುವ ವ್ಯತ್ಯಾಸ

ನಿಜವಾದ ಇಟಾಲಿಕ್ ಮೇಲೆಂದು ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ರೋಮನ್ ಲಿಪಿಯ ಸಣ್ಣ 'ಎ' ಅಕ್ಷರವನ್ನು ಗಮನಿಸೋಣ. ನೇರ ಮುದ್ರಣದಲ್ಲಿ ಅದರ ಹೊಟ್ಟೆಯ ಮೇಲೆ ಬಾಗಿದ ಕೊಂಡಿಯಿದೆ. ಇಟಾಲಿಕ್‌ನಲ್ಲಿ ಸಾಮಾನ್ಯವಾಗಿ ಆ ಕೊಂಡಿ ಇಲ್ಲವಾಗುತ್ತದೆ. ಅಂತಾರಾಷ್ಟ್ರೀಯ ಧ್ವನಿಲಿಪಿಯಲ್ಲಾದರೋ ಕೊಂಡಿಯಿರುವ ರೂಪ ಪೂರ್ವ ವಿವೃತ ಸ್ವರಕ್ಕೂ ಕೊಂಡಿಯಿಲ್ಲದ ರೂಪ ಪಶ್ಚ ವಿವೃತ ಸ್ವರಕ್ಕೂ ಸಂಕೇತ. ಧ್ವನಿಲಿಪಿಯ ಉದಾಹರಣೆಯನ್ನು ಇಟಾಲಿಕ್‌ಗೆ ತಿರುಗಿಸಿದೊಡನೆ ಈ ಎರಡು ಸ್ವರಗಳು ಪುಟದಲ್ಲಿ ಒಂದಾಗಿಬಿಡಬಹುದು. ಯೂನಿಕೋಡ್‌ನಲ್ಲಿ ಅವುಗಳ ಸಂಕೇತಸ್ಥಾನಗಳು ಬೇರೆಬೇರೆಯಾದ್ದರಿಂದ ಕಡತದಲ್ಲಿ ವ್ಯತ್ಯಾಸ ಉಳಿದೇ ಇರುತ್ತದೆ. ಓದುಗನಿಗೆ ಮಾತ್ರ ಅದು ಕಾಣುವುದಿಲ್ಲ. ಕರಡು ತಿದ್ದುವವರ ಕಣ್ಣಿಗೂ ಬೀಳದ ದೋಷವಿದು.

ಈ ಇಕ್ಕಟ್ಟಿಗೆ ಒಂದು ಪರಿಹಾರ ಭಾಷಾವಿಜ್ಞಾನಿಗಳಿಗೆ ಪರಿಚಿತವಾದ ಕ್ಯಾರಿಸ್ ಎಸ್‌ಐಎಲ್ ಫಾಂಟಿನಲ್ಲಿದೆ. ಅದರ ಮೂಲ ಮ್ಯಾಥ್ಯೂ ಕಾರ್ಟರ್ 1987ರಲ್ಲಿ ರೂಪಿಸಿದ ಚಾರ್ಟರ್. ಕಡಿಮೆ ಸ್ಫುಟತೆಯ ಮುದ್ರಣಯಂತ್ರಗಳಲ್ಲೂ ಅಕ್ಷರ ಕೆಡದಿರಲೆಂದು ಚಾರ್ಟರ್‌ನ ಸೆರಿಫ್‌ಗಳನ್ನು ಚೌಕವಾಗಿ, ಸರಳವಾಗಿ ಇರಿಸಲಾಯಿತು; ಇಟಾಲಿಕ್ ಮಾತ್ರ ನಿಜವಾದ ಇಟಾಲಿಕ್. ಕ್ಯಾರಿಸ್‌ನಲ್ಲಿ, ಇಟಾಲಿಕ್‌ಗೆ ಹೋದಾಗ ಆಕಾರ ಬದಲಿಸುವ ಕೆಲವು ಅಕ್ಷರಗಳಿಗೆ, ನೇರ ರೂಪವನ್ನೇ ಓರೆಯಾಗಿಸಿದ ಪರ್ಯಾಯಗಳನ್ನು ಆಯ್ದುಕೊಳ್ಳುವ ಸೌಲಭ್ಯವಿದೆ. ಪದದ ಸ್ತರದಲ್ಲಿ ಇಟಾಲಿಕ್‌ನ ಭೇದವನ್ನೂ ಧ್ವನಿಯ ಸ್ತರದಲ್ಲಿ ಸಂಕೇತಗಳ ಭೇದವನ್ನೂ ಹೀಗೆ ಒಟ್ಟಿಗೆ ಉಳಿಸಿಕೊಳ್ಳಬಹುದು.

4. ಕನ್ನಡದ ಸಂದರ್ಭ

ದ್ವಿಭಾಷಾ ನಿಯತಕಾಲಿಕದಲ್ಲಿ ಸಮಸ್ಯೆ ಇಮ್ಮಡಿಯಾಗುತ್ತದೆ. ಲಿಪ್ಯಂತರದಲ್ಲಿ 'ಹಲ್ಲಿ' ಮತ್ತು 'ಹಳ್ಳಿ' ಪದಗಳನ್ನು ಬೇರ್ಪಡಿಸುವುದು ಅಕ್ಷರದ ಅಡಿಯ ಚುಕ್ಕೆಯೊಂದೇ. ಸ್ಲ್ಯಾಬ್ ಸೆರಿಫ್‌ನ ನೇರ ಅಕ್ಷರದ ಪಾದದಲ್ಲಿ ಅಗಲವಾದ ಪಟ್ಟಿಯಿರುವುದರಿಂದ, ಸಣ್ಣ ಗಾತ್ರದಲ್ಲಿ ಚುಕ್ಕೆ ಅದಕ್ಕೆ ಅಂಟಿಕೊಳ್ಳುವ ಸಂಭವವಿದೆ. ನಿಜವಾದ ಇಟಾಲಿಕ್‌ನಲ್ಲಿ ಪಾದವು ಬಾಗಿದ ಗೆರೆಯಾಗಿ ಮುಗಿಯುವುದರಿಂದ ಚುಕ್ಕೆಗೆ ಸ್ಥಳ ದೊರೆಯುತ್ತದೆ. ಮೂರ್ಧನ್ಯ ವ್ಯಂಜನಗಳು ಅರ್ಥಭೇದಕವಾಗಿರುವ ಭಾಷೆಗೆ ಇದು ಸಣ್ಣ ವಿಷಯವಲ್ಲ.

ಕನ್ನಡ ಲಿಪಿಯ ಸ್ಥಿತಿ ಭಿನ್ನ. ಇಟಾಲಿಕ್‌ಗೆ ಸಮಾನವಾದ ಎರಡನೆಯ ರೂಪಪರಂಪರೆ ಕನ್ನಡ ಮುದ್ರಣದಲ್ಲಿ ನೆಲೆಗೊಂಡಿಲ್ಲ. ನೋಟೋ ಬಳಗದ ಕನ್ನಡ ಫಾಂಟುಗಳಲ್ಲೂ ಇಟಾಲಿಕ್ ಇಲ್ಲ. ಇಲ್ಲದ ಇಟಾಲಿಕ್ಕನ್ನು ಕೇಳಿದಾಗ ಗಣಕಯಂತ್ರವು ನೇರ ಅಕ್ಷರವನ್ನೇ ವಾಲಿಸಿ ಕೊಡುತ್ತದೆ. ದುಂಡನೆಯ ಅಕ್ಷರಗಳು ವಾಲಿದರೂ ಭೇದ ಅಷ್ಟಾಗಿ ಎದ್ದು ಕಾಣದು. ತಲೆಕಟ್ಟು, ಒತ್ತಕ್ಷರಗಳ ಸ್ಥಾನಸಂಬಂಧ ಮಾತ್ರ ಕದಲುತ್ತದೆ. ಭೇದದ ಲಾಭ ಅಲ್ಪ, ವಿಕೃತಿಯ ನಷ್ಟ ಅಧಿಕ.

5. ಉಪಸಂಹಾರ

ಆದುದರಿಂದ ಮೂರು ಕಾರ್ಯಗಳಿಗೆ ಮೂರು ಸಾಧನಗಳನ್ನು ಸೂಚಿಸುತ್ತೇವೆ. ರೋಮನ್ ಲಿಪ್ಯಂತರದ ಉದಾಹೃತ ರೂಪಗಳಿಗೆ ನಿಜವಾದ ಇಟಾಲಿಕ್ ಇರಲಿ. ಧ್ವನಿಲಿಪಿಗೆ ಆವರಣಚಿಹ್ನೆಗಳೇ ಸಾಕಷ್ಟು ಗುರುತಾದ್ದರಿಂದ ಅದು ನೇರ ಅಕ್ಷರಗಳಲ್ಲೇ ಉಳಿಯಲಿ. ಕನ್ನಡ ಲಿಪಿಯ ಉದಾಹರಣೆಗಳನ್ನು ಉದ್ಧರಣಚಿಹ್ನೆಗಳಿಂದಲೋ ದಪ್ಪ ಅಕ್ಷರಗಳಿಂದಲೋ ಗುರುತಿಸಿದರೆ ಸಾಕು. ಪ್ರಬಂಧವನ್ನು ಅಂತಿಮಗೊಳಿಸುವ ಸಂಶೋಧಕರು ದತ್ತಾಂಶವನ್ನು ಕಡತದಲ್ಲಿ ಪರೀಕ್ಷಿಸಿದರಷ್ಟೇ ಸಾಲದು, ಮುದ್ರಿತ ಪುಟದಲ್ಲೂ ಒಮ್ಮೆ ಓದಬೇಕು. ಓದುಗನಿಗೆ ತಲುಪುವ ದತ್ತಾಂಶ ಆ ಪುಟದಲ್ಲಿರುವುದೇ.