ಕ್ಯಾಮೆರಾ ನೀರಿಗಿಳಿಯುವ ಮುನ್ನ

ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಮೀನುಗಳನ್ನು ಸೆರೆಹಿಡಿಯಲು ಪುಟ್ಟ ಕ್ಯಾಮೆರಾ ಸಾಕು. ಆದರೆ ಅದಕ್ಕೊಂದು ಜಲನಿರೋಧಕ ಕವಚ ಬೇಕು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, ಕವಚದ ಆಳದ ಮಿತಿಯನ್ನು ಮೊದಲು ನೋಡಿ.

ನೀರಿನ ವಕ್ರೀಭವನಾಂಕ 1.33. ಹೀಗಾಗಿ ಕವಚದ ಚಪ್ಪಟೆ ಗಾಜಿನ ಮೂಲಕ ವಸ್ತುಗಳು ಕಾಲು ಭಾಗ ಹತ್ತಿರ ಕಾಣುತ್ತವೆ. ದೃಶ್ಯದ ಹರವು ಕಿರಿದಾಗುತ್ತದೆ. ಹೊರಗೆ ಜೋಡಿಸುವ ಅಗಲಕೋನದ ಮಸೂರ ಇದಕ್ಕೆ ಪರಿಹಾರ. ಅದನ್ನು ಕೂರಿಸುವ ಅಡಾಪ್ಟರ್ ಕವಚಕ್ಕೂ ಮಸೂರದ ತಿರುಪಿನ ಅಳತೆಗೂ ಹೊಂದಬೇಕು. 67 ಮಿ.ಮೀ. ಸಾಮಾನ್ಯ ಅಳತೆ.

ಎಲ್ಲಕ್ಕಿಂತ ಮುಖ್ಯವಾದುದು ರಬ್ಬರ್ ಉಂಗುರ. ಅಲ್ಲಿ ಕೂದಲೆಳೆ ಸಿಕ್ಕಿದರೂ ಉಪ್ಪುನೀರು ನುಗ್ಗಿ ಕ್ಯಾಮೆರಾ ಹಾಳಾದೀತು. ಪೋಷಕರೇ, ಖಾಲಿ ಕವಚದಲ್ಲಿ ಒಣ ಕಾಗದವಿಟ್ಟು ಮೊದಲು ಬಕೆಟ್‌ನಲ್ಲಿ, ಆಮೇಲೆ ಆಳದಲ್ಲಿ ಪರೀಕ್ಷಿಸಿ. ಎರಡು ಸಲವೂ ಕಾಗದ ಒಣಗಿಯೇ ಇದ್ದರೆ ಮಾತ್ರ ಮಕ್ಕಳ ಕೈಗೆ ಕ್ಯಾಮೆರಾ ಕೊಡಿ.