ಬೆಂಬಲ ನಿಂತ ಗಣಕವನ್ನು ಏನು ಮಾಡಬೇಕು?

2015ರಲ್ಲಿ ಬಿಡುಗಡೆಯಾದ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮರುದಿನವೂ ಆ ಗಣಕಗಳು ಎಂದಿನಂತೆ ಕೆಲಸ ಮಾಡಿದವು. ಹಾಗಾದರೆ ನಿಂತದ್ದೇನು?

ಕಾರ್ಯಾಚರಣ ವ್ಯವಸ್ಥೆಯೆಂದರೆ ಕೋಟಿಗಟ್ಟಲೆ ಸಾಲುಗಳ ತಂತ್ರಾಂಶ. ಅದರಲ್ಲಿ ದೋಷಗಳು ಇದ್ದೇ ಇರುತ್ತವೆ. ಅವು ಪತ್ತೆಯಾದಂತೆಲ್ಲ ತಯಾರಕರು ತೇಪೆ ಕಳುಹಿಸುತ್ತಾರೆ. ಬೆಂಬಲ ನಿಲ್ಲುವುದೆಂದರೆ ಈ ತೇಪೆಗಳು ನಿಲ್ಲುವುದು. ಇಲ್ಲೊಂದು ಸೂಕ್ಷ್ಮವಿದೆ. ಹೊಸ ಆವೃತ್ತಿಯಲ್ಲಿ ಹಳೆಯದರ ಎಷ್ಟೋ ಭಾಗಗಳು ಹಾಗೆಯೇ ಉಳಿದಿರುತ್ತವೆ. ಹೊಸದಕ್ಕೆ ತೇಪೆ ಬಂದಾಗ, ತೇಪೆಯ ಮೊದಲಿನ ಹಾಗೂ ನಂತರದ ಕಡತಗಳನ್ನು ಹೋಲಿಸಿದರೆ ದೋಷ ಎಲ್ಲಿತ್ತೆಂದು ತಿಳಿಯುತ್ತದೆ. ಹೊಸದಕ್ಕೆ ಹಚ್ಚಿದ ಮದ್ದು ಹಳೆಯದರ ಗಾಯವನ್ನು ತೋರಿಸಿಕೊಡುತ್ತದೆ! ಆದ್ದರಿಂದ ದಿನ ಕಳೆದಂತೆ ಅಪಾಯ ಹೆಚ್ಚುತ್ತದೆ.

2017ರ ಮೇ 12ರಂದು ಹರಡಿದ 'ವಾನಾಕ್ರೈ' ಕುತಂತ್ರಾಂಶವನ್ನು ನೆನಪಿಸಿಕೊಳ್ಳಿ. ಅದು ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು. ಅದು ಬಳಸಿದ ದೋಷಕ್ಕೆ ಮಾರ್ಚ್‌ನಲ್ಲಿಯೇ ತೇಪೆ ಬಂದಿತ್ತು. ಬಲಿಯಾದ ಗಣಕಗಳಲ್ಲಿ ಹೆಚ್ಚಿನವು ವಿಂಡೋಸ್ 7 ಬಳಸುತ್ತಿದ್ದವು. ಆಗ ಅದಕ್ಕೆ ಬೆಂಬಲವೂ ಇತ್ತು, ತೇಪೆ ಹಾಕಿಕೊಂಡಿರಲಿಲ್ಲ ಅಷ್ಟೆ. ಬೆಂಬಲ ಮುಗಿದ ಗಣಕ ಸದಾಕಾಲ ಇದೇ ಸ್ಥಿತಿಯಲ್ಲಿರುತ್ತದೆ.

ಈಗ ನಿಮ್ಮ ಶಾಲೆಯ ಗಣಕದ ಬಗ್ಗೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಅದಕ್ಕೆ ಅಂತರಜಾಲ ಬೇಕೇ? ಪ್ರಯೋಗಾಲಯದ ಉಪಕರಣವೊಂದನ್ನು ನಡೆಸುವುದಷ್ಟೇ ಅದರ ಕೆಲಸವಾದರೆ ಜಾಲದಿಂದ ಬೇರ್ಪಡಿಸಿ, ಹಾಗೆಯೇ ಬಳಸಿ. ಆದರೆ ಪೆನ್‌ಡ್ರೈವ್ ಬಗ್ಗೆ ಎಚ್ಚರವಿರಲಿ. 2010ರಲ್ಲಿ ಪತ್ತೆಯಾದ 'ಸ್ಟಕ್ಸ್‌ನೆಟ್' ಆ ದಾರಿಯಲ್ಲೂ ಹರಡುತ್ತಿತ್ತು.

ಎರಡು, ಜಾಲ ಬೇಕೆಂದಾದರೆ, ಯಂತ್ರಾಂಶ ಹೊಸ ಆವೃತ್ತಿಗೆ ಒಗ್ಗುತ್ತದೆಯೇ? ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಕೆಲವು ಗಣಕಗಳಲ್ಲಿ ಇದು ಇದ್ದೂ ನಿಷ್ಕ್ರಿಯವಾಗಿರುತ್ತದೆ, ಪರೀಕ್ಷಿಸಿ ನೋಡಿ.

ಮೂರು, ಒಗ್ಗದಿದ್ದರೆ ನಿಮ್ಮ ಕೆಲಸ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ? ಬರವಣಿಗೆ, ಲೆಕ್ಕಪಟ್ಟಿ, ಜಾಲವೀಕ್ಷಣೆಗೆ ಅದು ಸಾಕು, ಉಚಿತವೂ ಹೌದು. ಅದರ ಆವೃತ್ತಿಗಳಿಗೂ ಕೊನೆಯ ದಿನಾಂಕವುಂಟು. ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಆರಿಸಿ. ಸ್ಥಾಪಿಸುವ ಮೊದಲು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಮುದ್ರಕ ಕೆಲಸ ಮಾಡುತ್ತದೆಯೇ ನೋಡಿ.

ಯಾವ ದಾರಿ ಹಿಡಿದರೂ ಮೊದಲು ಕಡತಗಳ ಪ್ರತಿ ತೆಗೆದು ಬೇರೆಡೆ ಇಡಿ. ಯೂನಿಕೋಡ್‌ಪೂರ್ವ ಅಕ್ಷರವಿನ್ಯಾಸಗಳಲ್ಲಿರುವ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಹೊಸ ವ್ಯವಸ್ಥೆಯಲ್ಲಿ ಅವು ಓದಲಾಗದ ಚಿಹ್ನೆಗಳಾಗಿ ಕಾಣಬಹುದು. ಮೂರೂ ಪ್ರಶ್ನೆಗಳಿಗೆ ಉತ್ತರ ಸಿಗದ ಗಣಕದಲ್ಲಿ ವಿದ್ಯಾರ್ಥಿಗಳ ಅಂಕಪಟ್ಟಿಯನ್ನಾಗಲಿ ಬ್ಯಾಂಕ್ ವ್ಯವಹಾರವನ್ನಾಗಲಿ ಇಡಬೇಡಿ. ಬಿಚ್ಚಿ ಒಳಭಾಗಗಳನ್ನು ತೋರಿಸಲು ಅದು ತರಗತಿಯಲ್ಲಿ ಇನ್ನೂ ಉಪಯುಕ್ತ.