ತೂಕದ ಸರ್ಜರಿಗೆ ಇನ್ಶೂರೆನ್ಸ್ ಸಿಗುತ್ತಾ? ಮೊದಲು ಈ ಲೆಕ್ಕ ನೋಡಿ

ಬೇರಿಯಾಟ್ರಿಕ್ ಸರ್ಜರಿ ಅಂದ ಕೂಡಲೇ ‘ಸಣ್ಣಗಾಗುವ ಶೋಕಿ’ ಅನ್ನುವವರೇ ಹೆಚ್ಚು. ನಿದ್ದೆಯಲ್ಲಿ ಉಸಿರು ಕಟ್ಟಿ, ಏದುಸಿರು ಬಿಡುತ್ತಾ ಎದ್ದು ಕೂರುತ್ತಿದ್ದ ನಮ್ಮಕ್ಕನನ್ನು ನೋಡಿದ್ದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಡಾಕ್ಟರ್ ಸರ್ಜರಿ ಸೂಚಿಸಿದ ಮೇಲೆ ಪಾಲಿಸಿ ಕಾಗದಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿ ತಿಳಿದದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ನಿಯಮ ಏನು ಹೇಳುತ್ತೆ?

ಬೊಜ್ಜಿನ ಸರ್ಜರಿ ಪಾಲಿಸಿಯ ‘ಹಣ ಕೊಡದ ಖರ್ಚು’ಗಳ ಪಟ್ಟಿಯಲ್ಲಿರುತ್ತದೆ. ಅಷ್ಟಕ್ಕೇ ಗಾಬರಿಯಾಗಬೇಡಿ, ಪೂರ್ತಿ ಓದಿ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ರೂಪಿಸಿದ ಒಕ್ಕಣೆ ಪ್ರಕಾರ, ಈ ಷರತ್ತುಗಳನ್ನೆಲ್ಲ ಪೂರೈಸದ ಸರ್ಜರಿಗೆ ಮಾತ್ರ ಹಣವಿಲ್ಲ:

- ವೈದ್ಯರ ಸಲಹೆ ಇರಬೇಕು, ಚಿಕಿತ್ಸೆ ವೈದ್ಯಕೀಯ ಕ್ರಮಕ್ಕೆ ತಕ್ಕಂತಿರಬೇಕು.
- ವಯಸ್ಸು 18 ತುಂಬಿರಬೇಕು.
- ಬಿಎಂಐ 40 ಅಥವಾ ಹೆಚ್ಚಿರಬೇಕು. 35 ಅಥವಾ ಹೆಚ್ಚಿದ್ದರೆ ಜೊತೆಗೆ ಬೊಜ್ಜಿನಿಂದಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಮಧುಮೇಹ – ಇವುಗಳಲ್ಲಿ ಒಂದಾದರೂ ಇರಬೇಕು. ಬೇರೆ ಸರಳ ವಿಧಾನಗಳಿಂದ ತೂಕ ಇಳಿದಿರಬಾರದು.

160 ಸೆಂ.ಮೀ. ಎತ್ತರದವರಿಗೆ ಬಿಎಂಐ 40 ಅಂದರೆ ಸುಮಾರು 102 ಕೆ.ಜಿ.; 35 ಅಂದರೆ ಸುಮಾರು 90 ಕೆ.ಜಿ. ಅಕ್ಕ ಇದ್ದದ್ದು 95 ಕೆ.ಜಿ.

ಒಂದು ಪದದ ಬೆಲೆ

ಕಂಪನಿ ಮೊದಲ ಸಲ ಅರ್ಜಿ ತಿರಸ್ಕರಿಸಿತು. ಆಸ್ಪತ್ರೆಯ ಪತ್ರದಲ್ಲಿ ‘ಸ್ಲೀಪ್ ಆಪ್ನಿಯಾ’ ಅಂತಷ್ಟೇ ಇತ್ತು, ‘ತೀವ್ರ’ ಅನ್ನುವ ಪದ ಇರಲಿಲ್ಲ. ಸ್ಲೀಪ್ ಸ್ಟಡಿ ರಿಪೋರ್ಟ್‌ನಲ್ಲಿ ಗಂಟೆಗೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಟಕ್ಕೆ ಅಡ್ಡಿ ಅಂತ ದಾಖಲಾಗಿತ್ತು. ವೈದ್ಯಕೀಯವಾಗಿ ಅದು ತೀವ್ರವೇ. ಆ ರಿಪೋರ್ಟ್, ಡಯೆಟಿಷಿಯನ್ ಬಳಿ ಹೋಗಿದ್ದ ಚೀಟಿಗಳು, ತೂಕದ ದಾಖಲೆ, ಡಾಕ್ಟರ ಹೊಸ ಪತ್ರ ಎಲ್ಲ ಸೇರಿಸಿ ಮತ್ತೆ ಕಳಿಸಿದೆವು. ಒಪ್ಪಿಗೆ ಸಿಕ್ಕಿತು.

ಇನ್ನೊಂದಿಷ್ಟು ಗಮನಿಸಿ

ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕಾಗಬಹುದು. ಹಲವು ಆಫೀಸ್ ಗ್ರೂಪ್ ಪಾಲಿಸಿಗಳಲ್ಲಿ ಈ ಕಾಯುವಿಕೆ ಇರುವುದಿಲ್ಲ. ಆದರೆ ಕೆಲಸ ಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ. ಈ ಸರ್ಜರಿಗೆ ಇಂತಿಷ್ಟೇ ಹಣ ಅಂತ ಮಿತಿ ಇದೆಯಾ ಅಂತ ಎಚ್‌ಆರ್ ಅವರನ್ನು ಕೇಳಿ.

ಇಲ್ಲೊಂದು ಪೇಚಿದೆ. ಏಷ್ಯಾದವರಿಗೆ ಬಿಎಂಐ 27.5 ಆದಾಗಲೇ ಈ ಸರ್ಜರಿಯ ಆಯ್ಕೆ ಕೊಡಬೇಕು ಅಂತ 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಟನೆಗಳು ಹೇಳಿವೆ. ಪಾಲಿಸಿ ಒಕ್ಕಣೆ ಮಾತ್ರ 2019ರದ್ದು. ಹಾಗಾಗಿ ಡಾಕ್ಟರ್ ‘ಬೇಕು’ ಅಂದರೂ ಕಂಪನಿ ‘ಇಲ್ಲ’ ಅನ್ನಬಹುದು.

ಷರತ್ತು ಪೂರೈಸಿದ್ದರೂ ನಿರಾಕರಿಸಿದರೆ ಸುಮ್ಮನಿರಬೇಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಬೆಂಗಳೂರಿನಲ್ಲೂ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇವತ್ತು ಐದು ನಿಮಿಷ ಸಿಕ್ಕರೆ ಫೋನಿನಲ್ಲಿರೋ ನಿಮ್ಮ ಪಾಲಿಸಿ ಪಿಡಿಎಫ್ ತೆರೆದು ‘ಒಬೆಸಿಟಿ’ ಅನ್ನೋ ಪದ ಹುಡುಕಿ. ಆಸ್ಪತ್ರೆಯ ಕೌಂಟರ್ ಮುಂದೆ ನಿಂತು ಓದುವುದಕ್ಕಿಂತ ಈಗಲೇ ಓದಿಕೊಳ್ಳೋದು ವಾಸಿ.